ಮನೆಯೊಳಗಣ ಬೆಳ್ಳಿತೆರೆ

ಮನೆಯಲ್ಲಿಯೇ ಒಂದು ಸಣ್ಣ ಚಿತ್ರಮಂದಿರವನ್ನು ಅಣಿಮಾಡಿಕೊಳ್ಳಬೇಕೆಂಬ ಆಸೆಯು ಈಚೆಗೆ ಅನೇಕ ಗೃಹಸ್ಥರಲ್ಲಿ ಹುಟ್ಟಿದೆ. ಹಿಂದೆ ಸಿರಿವಂತರಿಗೆ ಮಾತ್ರ ಸಾಧ್ಯವಾಗಿದ್ದ ಈ ವಿನೋದವು ಈಗ ಸಾಮಾನ್ಯ ಸಂಸಾರಿಗಳ ಕೈಗೂ ಎಟುಕುವಂತಾಗಿದೆ. ಆದರೆ ಹಣ ತೆತ್ತವರೆಲ್ಲರೂ ಸುಖವನ್ನು ಪಡೆದರೆಂದು ಹೇಳುವಂತಿಲ್ಲ. ಪ್ರೊಜೆಕ್ಟರನ್ನು ಕೊಂಡು ತಂದು, ಒಂದೆರಡು ತಿಂಗಳು ಉಪಯೋಗಿಸಿ, ಬಳಿಕ ಅಟ್ಟಕ್ಕೇರಿಸಿದ ಮನೆಗಳನ್ನು ನಾವು ಕಂಡಿದ್ದೇವೆ. ನಮ್ಮ ಮನೆಯೂ ಆ ಸಾಲಿಗೆ ಸೇರುವುದರಲ್ಲಿತ್ತು. ಅದು ಹೇಗೆ ತಪ್ಪಿತೆಂಬುದನ್ನು ತಿಳಿಸಿದರೆ ವಾಚಕರಿಗೆ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ಮಂಡಿಯ ನೋವಿನ ದೆಸೆಯಿಂದ ಅವರು ಚಿತ್ರಮಂದಿರದ ಮೆಟ್ಟಿಲನ್ನು ಹತ್ತಲಾರರು. ದೃಷ್ಟಿಯೂ ಮಂದವಾಗಿರುವುದರಿಂದ ಟೆಲಿವಿಷನ್ನಿನ ಚಿಕ್ಕ ಚಿತ್ರದಲ್ಲಿ ಮುಖಗಳನ್ನು ಗುರುತಿಸುವುದು ಕಷ್ಟ. ಹುಡುಗಿಯಾಗಿದ್ದಾಗ ಊರ ಟೆಂಟಿನಲ್ಲಿ ನೋಡಿದ ‘ಬೇಡರ ಕಣ್ಣಪ್ಪ’ವನ್ನು (1954) ಇನ್ನೊಮ್ಮೆ ದೊಡ್ಡದಾಗಿ ನೋಡಬೇಕೆಂದು ಒಂದು ದಿನ ಅವರು ಬಾಯಿಬಿಟ್ಟು ಹೇಳಿದರು. ತಮಗಾಗಿ ಏನನ್ನೂ ಕೇಳದವರು ಕೇಳಿದ ಮಾತು ಅದು. ನಾವು ತಡಮಾಡದೆ ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲೆ ಅತಿ ದೊಡ್ಡ ಸಂಖ್ಯೆ ಅಚ್ಚಾಗಿದ್ದ ಯಂತ್ರವೊಂದನ್ನು ಕೊಂಡು ತಂದೆವು. ಮೂರು ಕಿಟಕಿಗಳುಳ್ಳ, ನಾಲ್ಕು ಕಡೆಯೂ ಹಾಲಿನಂತೆ ಬಿಳಿಯ ಬಣ್ಣ ಬಳಿದ ನಡುಮನೆಯಲ್ಲಿ, ಸಂಜೆ ಐದು ಗಂಟೆಗೆ, ನೆಂಟರನ್ನೂ ಕರೆದು ಆಟವನ್ನು ಆರಂಭಿಸಿದೆವು. ಕಪ್ಪು ಬಿಳುಪಿನ ಆ ಚಿತ್ರವು ಗೋಡೆಯ ಮೇಲೆ ಬೂದಿಯಲ್ಲಿ ಬರೆದಂತೆ ಕಾಣಿಸಿತು. ತಾಯಿಯವರು ಕೊನೆಯವರೆಗೂ ಕುಳಿತಿದ್ದು, “ಹಾಡುಗಳು ಚೆನ್ನಾಗಿ ಕೇಳಿಸಿದುವು” ಎಂದಷ್ಟೇ ಹೇಳಿ ಎದ್ದುಹೋದರು.

ಇನ್ನೂ ಹೆಚ್ಚು ಬೆಳಕಿನ ಯಂತ್ರವೊಂದನ್ನು ತರಬೇಕೆಂದು ನಾವು ಮರುದಿನ ಆಲೋಚಿಸುತ್ತಿದ್ದಾಗ ಅವರೇ ಸಮಸ್ಯೆಯನ್ನು ಬಿಡಿಸಿದರು. “ಟೆಂಟಿನಲ್ಲಿ ಹೊತ್ತು ಮುಳುಗದೆ ಆಟ ಶುರುಮಾಡುತ್ತಲೇ ಇರಲಿಲ್ಲವಲ್ಲ!” ಎಂದರು. ಈ ಒಂದು ಮಾತಿನಲ್ಲಿ ಇಡೀ ವಿದ್ಯೆಯ ತಿರುಳು ಅಡಗಿದೆ.

ಮೊದಲು ಕತ್ತಲೆ

ಪ್ರೊಜೆಕ್ಟರು ಬೆಳಕನ್ನು ಬೀರಬಲ್ಲುದೇ ಹೊರತು ಕಪ್ಪನ್ನು ಬೀರಲಾರದು. ಚಿತ್ರದಲ್ಲಿ ನಾಯಕನ ಕೂದಲು ಕಪ್ಪಾಗಿ ಕಾಣಬೇಕಾದರೆ ತೆರೆಯ ಆ ಭಾಗದಲ್ಲಿ ಬೆಳಕು ಬೀಳದೆ ಇರಬೇಕು. ಕಿಟಕಿಯಿಂದಲೋ ದೀಪದಿಂದಲೋ ತೆರೆಯ ಮೇಲೆ ಬೆಳಕು ಬಿದ್ದಿದ್ದರೆ, ಚಿತ್ರದ ಅತ್ಯಂತ ಕಪ್ಪಾದ ಭಾಗವೂ ಅಷ್ಟರಮಟ್ಟಿಗೆ ಬೆಳಗುತ್ತಿರುತ್ತದೆ.

ಇದನ್ನು ಲೆಕ್ಕದಿಂದ ತೋರಿಸಬಹುದು. 100 ಅಂಗುಲದ ತೆರೆಯೆಂದರೆ ಮೂಲೆಯಿಂದ ಮೂಲೆಗೆ ಅಷ್ಟು ಅಳತೆ. ಅಗಲ 7 ಅಡಿ 3 ಅಂಗುಲ, ಎತ್ತರ 4 ಅಡಿ 1 ಅಂಗುಲ, ಹರವು ಸುಮಾರು 2¾ ಚದರ ಮೀಟರು. ಇದರ ಮೇಲೆ 1500 ಲ್ಯೂಮೆನ್ ಬೆಳಕು ಬಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು 545 ಲ್ಯೂಮೆನ್, ಅಂದರೆ 545 ಲಕ್ಸ್ ಆಗುತ್ತದೆ. ಕೋಣೆಯ ಬೆಳಕು ತೆರೆಯ ಮೇಲೆ 50 ಲಕ್ಸ್ ಇದ್ದರೆ ಬಿಳುಪು ಕಪ್ಪಿಗಿಂತ 12 ಪಾಲು ಮಾತ್ರ ಹೆಚ್ಚು. ಯಂತ್ರವನ್ನು ಬದಲಿಸಿ 3000 ಲ್ಯೂಮೆನ್ ತಂದರೂ ಈ ಪಾಲು 23ನ್ನು ಮೀರದು. ಅದೇ ಹಳೆಯ ಯಂತ್ರವನ್ನಿಟ್ಟುಕೊಂಡು, ದೀಪವನ್ನಾರಿಸಿ, ದಪ್ಪ ಪರದೆಗಳನ್ನು ಎಳೆದು ಕೋಣೆಯ ಬೆಳಕನ್ನು 1 ಲಕ್ಸಿಗೆ ಇಳಿಸಿದರೆ ಲೆಕ್ಕವು 500 ಪಾಲನ್ನು ದಾಟುತ್ತದೆ. ಸಹಸ್ರಾರು ರೂಪಾಯಿಯ ಯಂತ್ರವು ಮಾಡಲಾರದುದನ್ನು ಕಿಟಕಿಯ ಬಟ್ಟೆ ಮಾಡುತ್ತದೆ.

ಆದುದರಿಂದ ಹಗಲೆಲ್ಲ ಜನ ಓಡಾಡುವ, ಬೆಳಕು ತುಂಬಿದ ನಡುಮನೆಯಲ್ಲಿಯೇ ಚಿತ್ರ ನೋಡತಕ್ಕವರು ಪ್ರೊಜೆಕ್ಟರಿನ ಗೊಡವೆಗೆ ಹೋಗದೆ ದೊಡ್ಡ ಟೆಲಿವಿಷನ್ನನ್ನೇ ಕೊಳ್ಳುವುದು ಮೇಲು. ಕತ್ತಲು ಮಾಡಬಹುದಾದ ಕೋಣೆಯೊಂದು ಇದ್ದವರು ಮಾತ್ರ ಮುಂದುವರಿಯಲಿ. ಅಲ್ಲಿಯೂ ತೆರೆಯ ಬೆಳಕೇ ಬಿಳಿಯ ಸೂರು ಮತ್ತು ಗೋಡೆಗಳಿಂದ ಪುಟಿದು ಮತ್ತೆ ತೆರೆಯ ಮೇಲೆ ಬೀಳುವುದುಂಟು. ತೆರೆಯ ಸಮೀಪದ ಗೋಡೆಗಳಿಗೂ ಸೂರಿಗೂ ಹೊಳಪಿಲ್ಲದ ಗಾಢವಾದ ಬಣ್ಣ ಬಳಿಸಿದರೆ ಈ ದೋಷವು ಬಹುಮಟ್ಟಿಗೆ ನೀಗುತ್ತದೆ. ಹೊದಿಕೆಯ ಬಟ್ಟೆಯನ್ನೇ ತೆರೆಯಾಗಿ ಕಟ್ಟುವವರಿದ್ದಾರೆ. ಅದರ ನೇಯ್ಗೆಯ ಸಂದಿನಲ್ಲಿ ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. ಹೊಳಪಿಲ್ಲದ ಬಿಳಿಯ ಬಣ್ಣ ಬಳಿದ ನುಣುಪಾದ ಗೋಡೆ, ಇಲ್ಲವೆ ಹಿಂಬದಿಯಲ್ಲಿ ಕಪ್ಪು ಲೇಪವುಳ್ಳ ಸಾದಾ ತೆರೆ ಸಾಕು.

ಅಳತೆಯ ಮಾತು

ಕೋಣೆ ನಿಶ್ಚಯವಾದ ಮೇಲೆ ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಳ್ಳಬೇಕು. 100 ಅಂಗುಲದ ತೆರೆಗೆ 10 ಅಡಿಯಿಂದ 13½ ಅಡಿ ದೂರದಲ್ಲಿ ಕುಳಿತರೆ ಕಣ್ಣಿಗೆ ಹಿತ. ತೆರೆಯ ಕೆಳಗಿನ ಅಂಚು ನೆಲದಿಂದ ಎರಡೂವರೆ ಮೂರು ಅಡಿಯಲ್ಲಿರಲಿ. ಕತ್ತು ಎತ್ತಿ ನೋಡಬೇಕಾದ ಚಿತ್ರವನ್ನು ವೃದ್ಧರು ಅರ್ಧ ಗಂಟೆಯೂ ನೋಡಲಾರರು.

ಯಂತ್ರವನ್ನು ಎಷ್ಟು ದೂರದಲ್ಲಿಡಬೇಕೆಂಬುದಕ್ಕೆ ಪ್ರತಿ ಯಂತ್ರದ ವಿವರಪತ್ರದಲ್ಲಿಯೂ ಒಂದು ಪ್ರಮಾಣವನ್ನು ಕೊಟ್ಟಿರುತ್ತಾರೆ. ಅದಕ್ಕೆ ‘ಥ್ರೋ ರೇಶಿಯೋ’ ಎಂದು ಹೆಸರು. ತೆರೆಯ ಅಗಲದಿಂದ ಅದನ್ನು ಗುಣಿಸಿದರೆ ದೂರವು ಸಿಗುತ್ತದೆ. ಪ್ರಮಾಣವು 1.5 ಆಗಿದ್ದರೆ 7¼ ಅಡಿ ಅಗಲದ ತೆರೆಗೆ ಸುಮಾರು 11 ಅಡಿ ದೂರ ಬೇಕು. ಹತ್ತಡಿಯ ಕೋಣೆಯುಳ್ಳವರು ಇಂಥ ಯಂತ್ರವನ್ನು ತಂದರೆ ಗೋಡೆಯನ್ನು ಒಡೆಯಬೇಕಾದೀತು! ಚಿಕ್ಕ ಕೋಣೆಯವರಿಗೆ ಕಡಿಮೆ ದೂರದ ಯಂತ್ರಗಳೂ, ತೆರೆಯ ಬುಡದಲ್ಲಿಯೇ ಇಟ್ಟು ಮೇಲ್ಮುಖವಾಗಿ ಬೆಳಕನ್ನು ಚೆಲ್ಲುವ ಯಂತ್ರಗಳೂ ಉಂಟು.

ಯಂತ್ರದ ಆಯ್ಕೆ

ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಿ ಮೋಸಹೋದವರಲ್ಲಿ ನಾವೂ ಒಬ್ಬರು. ಬರಿಯ ‘ಲ್ಯೂಮೆನ್’ ಎಂದಿದ್ದರೆ ಅದಕ್ಕೆ ಬೆಲೆಯಿಲ್ಲ. ‘ಆನ್ಸಿ ಲ್ಯೂಮೆನ್’ ಎಂದೋ, ‘ಐ.ಎಸ್.ಒ. 21118’ರ ಪ್ರಕಾರವೆಂದೋ ಬರೆದಿರಬೇಕು. ಈ ಕ್ರಮದಲ್ಲಿ ತೆರೆಯನ್ನು ಒಂಬತ್ತು ಭಾಗ ಮಾಡಿ, ಪ್ರತಿಯೊಂದರ ನಡುವಿನ ಬೆಳಕನ್ನೂ ಅಳೆದು ಸರಾಸರಿ ತೆಗೆಯುತ್ತಾರೆ. ಚಿತ್ರಮಂದಿರದ ಪ್ರಮಾಣದ ಬೆಳಕು 100 ಅಂಗುಲದ ತೆರೆಗೆ ದೊರೆಯಲು, ಪೂರ್ಣ ಕತ್ತಲೆಯಲ್ಲಿ, ಸುಮಾರು 415 ಲ್ಯೂಮೆನ್ ಸಾಕು. ದೀಪವು ಹಳೆಯದಾದಂತೆ ಬೆಳಕು ಕುಂದುವುದರಿಂದಲೂ, ಬಣ್ಣಗಳು ಸಹಜವಾಗಿ ಕಾಣುವ ಹೊಂದಿಕೆಯಲ್ಲಿ ಯಂತ್ರವು ಪೂರ್ಣ ಬೆಳಕನ್ನು ಕೊಡದಿರುವುದರಿಂದಲೂ 1000ದಿಂದ 1500ರವರೆಗೆ ನಿಜವಾದ ಲ್ಯೂಮೆನ್ ಇದ್ದರೆ ಸಂಸಾರಿಗೆ ಬೇಕಾದಷ್ಟಾಯಿತು.

ಚಿತ್ರವನ್ನು ಮೂಡಿಸುವ ವಿಧಾನಗಳು ಮುಖ್ಯವಾಗಿ ಮೂರು. ಅಮೇರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ ಎಂಬವರು 1987ರಲ್ಲಿ ಕಂಡುಹಿಡಿದ ಸೂಕ್ಷ್ಮ ಕನ್ನಡಿಗಳ ಫಲಕವನ್ನು ಆಧರಿಸಿದುದು ಡಿ.ಎಲ್.ಪಿ. ವಿಧಾನ, ಲಕ್ಷಾಂತರ ಕನ್ನಡಿಗಳು ಅತ್ತಿತ್ತ ವಾಲಿ ಬೆಳಕನ್ನು ಬಿಡುತ್ತವೆ, ತಡೆಯುತ್ತವೆ. ಮನೆಗೆ ಬರುವ ಈ ಜಾತಿಯ ಯಂತ್ರಗಳು ಸಾಮಾನ್ಯವಾಗಿ ಬಣ್ಣಗಳನ್ನು ಒಂದಾದಮೇಲೊಂದರಂತೆ ತೋರಿಸುವುದರಿಂದ, ಕೆಲವರ ಕಣ್ಣಿಗೆ ಬಿಳಿಯ ಅಂಚುಗಳಲ್ಲಿ ಕಾಮನಬಿಲ್ಲು ಮಿಂಚಿದಂತಾಗುತ್ತದೆ. ಎರಡನೆಯದು ಮೂರು ಹರಳುಫಲಕಗಳ ಎಲ್.ಸಿ.ಡಿ. ವಿಧಾನ, ಇದರಲ್ಲಿ ಆ ತೊಂದರೆಯಿಲ್ಲ. ಮೂರನೆಯದಾದ ಎಲ್‌ಕಾಸ್ ವಿಧಾನದಲ್ಲಿ ಕಪ್ಪು ಅತ್ಯಂತ ಗಾಢವಾಗಿರುತ್ತದೆ, ಬೆಲೆಯೂ ಹಾಗೆಯೇ. ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಕತ್ತಲ ಕೋಣೆಯಲ್ಲಿ ನೋಡಿದ ಹೊರತು ಯಾವುದನ್ನೂ ಕೊಳ್ಳಬಾರದು.

ಹಳೆಯ ಬಗೆಯ ದೀಪವು 3000ದಿಂದ 5000 ಗಂಟೆ ಬಾಳುತ್ತದೆ. ಲೇಸರ್ ಬೆಳಕಿಗೆ ತಯಾರಕರು 20,000 ಗಂಟೆಗಳನ್ನು ಹೇಳುತ್ತಾರೆ. ದಿನಕ್ಕೆ ಮೂರು ಗಂಟೆಯಂತೆ ನೋಡಿದರೆ ಮೊದಲನೆಯದು ಮೂರು ನಾಲ್ಕು ವರ್ಷ, ಎರಡನೆಯದು ಹದಿನೆಂಟು ವರ್ಷ. ಬೆಲೆಯನ್ನು ಹೋಲಿಸುವಾಗ ಹೊಸ ದೀಪದ ಬೆಲೆಯನ್ನೂ ಸೇರಿಸಿ ನೋಡಬೇಕು.

ಚಿತ್ರದ ಸೂಕ್ಷ್ಮತೆಯ ವಿಚಾರದಲ್ಲಿ ‘1080ಕ್ಕೆ ಒಗ್ಗುತ್ತದೆ’ ಎಂಬ ಮಾತಿಗೆ ಮರುಳಾಗದೆ, ಫಲಕದ ಸ್ವಂತ ಸೂಕ್ಷ್ಮತೆ 1920ಕ್ಕೆ 1080 ಉಂಟೇ ಎಂದು ಕೇಳಬೇಕು. ಹೊಸ ಚಿತ್ರಗಳನ್ನು ಸಮೀಪದಿಂದ ನೋಡುವವರಿಗೆ 3840ಕ್ಕೆ 2160 ಇನ್ನೂ ಚೆಲುವು. ಹಳೆಯ ಕನ್ನಡ ಚಿತ್ರಗಳ ಸಾಮಾನ್ಯ ಪ್ರತಿಗಳಿಗೆ ಇದರಿಂದ ವಿಶೇಷ ಲಾಭವಿಲ್ಲ. ಅವು ಹೆಚ್ಚು ಕಡಮೆ ಚೌಕವಾಗಿರುವುದರಿಂದ ತೆರೆಯ ಎರಡು ಪಕ್ಕಗಳೂ ಬರಿದಾಗಿರುತ್ತವೆ. ಅದು ಯಂತ್ರದ ದೋಷವಲ್ಲ. ಹಿಗ್ಗಿಸಿ ತೆರೆಯನ್ನು ತುಂಬಿದರೆ ಮುಖಗಳೆಲ್ಲ ಊದಿಕೊಳ್ಳುತ್ತವೆ.

ಜೋಡಣೆ

ಯಂತ್ರದ ಮಸೂರವು ತೆರೆಗೆ ನೇರವಾಗಿರಬೇಕು. ಓರೆಯಾಗಿಟ್ಟು, ಚಿತ್ರದ ಸೊಟ್ಟನ್ನು ‘ಕೀಸ್ಟೋನ್’ ಎಂಬ ತಿದ್ದುಪಡಿಯಿಂದ ಸರಿಮಾಡಿದರೆ ಫಲಕದ ಒಂದಂಶ ವ್ಯರ್ಥವಾಗಿ ಚಿತ್ರದ ಹರಿತವು ತಗ್ಗುತ್ತದೆ. ಮಸೂರವನ್ನೇ ಮೇಲೆ ಕೆಳಗೆ ಸರಿಸುವ ಸೌಕರ್ಯವಿದ್ದರೆ ಈ ಕಷ್ಟವಿಲ್ಲ. ಸೂರಿಗೆ ತಗುಲಿಸುವವರು ಗಾರೆಯ ಮೆತ್ತಿಗೆಗಲ್ಲದೆ ಕಾಂಕ್ರೀಟಿಗೇ ಬಿಗಿಯುವ ಬೋಲ್ಟುಗಳನ್ನು ಹಾಕಿಸಲಿ. ಕೆಳಗೆ ಮಕ್ಕಳು ಕುಳಿತಿರುತ್ತಾರೆ. ರಂಧ್ರ ಕೊರೆಯುವುದಕ್ಕೆ ಮುಂಚೆ ಯಂತ್ರವನ್ನು ಮೇಜಿನ ಮೇಲಿಟ್ಟು ಎರಡು ರಾತ್ರಿ ಚಿತ್ರ ನೋಡಿ, ದೂರವು ಸರಿಯೆಂದು ಖಚಿತಪಡಿಸಿಕೊಳ್ಳುವುದು ಜಾಣತನ.

ಚಿತ್ರವನ್ನು ಒಯ್ಯುವ ಎಚ್.ಡಿ.ಎಂ.ಐ. ತಂತಿಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ಮರೆಮಾಚುವುದಿಲ್ಲ. ಐದಾರು ಮೀಟರಿಗಿಂತ ಉದ್ದವಾದಲ್ಲಿ ತಾಮ್ರದ ತಂತಿಯು ಸೂಕ್ಷ್ಮವಾದ ಚಿತ್ರವನ್ನು ತಡವರಿಸದೆ ಒಯ್ಯುವುದೆಂಬ ಭರವಸೆಯಿಲ್ಲ. ಗಾಜಿನೆಳೆಯ ತಂತಿ ಬೇಕಾಗುತ್ತದೆ. ಅದಕ್ಕೆ ತಲೆ ಬಾಲಗಳುಂಟು. ಯಾವ ತುದಿ ಯಂತ್ರಕ್ಕೆ, ಯಾವ ತುದಿ ಪೆಟ್ಟಿಗೆಗೆ ಎಂದು ಅದರ ಮೇಲೆಯೇ ಬರೆದಿದ್ದರೂ ನೋಡದೆ, ಹಿಂದುಮುಂದಾಗಿ ಗೋಡೆಯೊಳಗೆ ಎಳೆಸಿದೆವು. ಒಂದೂವರೆ ಅಂಗುಲದ ಕೊಳವೆಯನ್ನು ಹಾಕಿಸಿ ಒಂದು ದಾರವನ್ನು ಒಳಗೆ ಬಿಟ್ಟಿದ್ದುದರಿಂದ ಗೋಡೆ ಉಳಿಯಿತು.

ವಿದ್ಯುಚ್ಛಕ್ತಿಗೆ ಭೂಸಂಪರ್ಕವುಳ್ಳ ಪ್ರತ್ಯೇಕ ಕೊಂಡಿಯಿರಲಿ. ಗಾಳಿ ಹೊರಬರುವ ಕಂಡಿಯ ಮುಂದೆ ಬಯಲಿರಬೇಕು. ಧೂಳಿನ ಜಾಲರಿಯುಳ್ಳ ಯಂತ್ರವಾದರೆ ಬೇಸಗೆಯಲ್ಲಿ ತಿಂಗಳಿಗೊಮ್ಮೆ ಅದನ್ನು ಶುದ್ಧಿಮಾಡಬೇಕು. ಹಳೆಯ ಬಗೆಯ ದೀಪದಲ್ಲಿ ಪಾದರಸವಿರುವುದರಿಂದ ಅದನ್ನು ಕಸದೊಡನೆ ಎಸೆಯಕೂಡದು. ಮಕ್ಕಳು ಮಸೂರದೊಳಕ್ಕೆ ಇಣುಕದಂತೆ ಎಚ್ಚರವಿರಲಿ. ಬುಡದಲ್ಲಿಡುವ ಯಂತ್ರಗಳಲ್ಲಿ ಈ ಅಪಾಯವು ಹೆಚ್ಚು. ಧ್ವನಿಯು ಬೆನ್ನ ಹಿಂದಿನ ಯಂತ್ರದಿಂದ ಬಂದರೆ ಮಾತಾಡುವವರು ಬೇರೆ, ಕಾಣುವವರು ಬೇರೆ ಎಂಬಂತಾಗುತ್ತದೆ. ತೆರೆಯ ಕೆಳಗೆ, ನಟ್ಟನಡುವೆ, ಸಾಮಾನ್ಯವಾದ ಧ್ವನಿವರ್ಧಕವೊಂದಿದ್ದರೂ ಮಾತು ಸ್ಪಷ್ಟವಾಗುತ್ತದೆ.

ಕೊನೆಗೆ ನಾವು ಹೊಸ ಯಂತ್ರವನ್ನೇನೂ ಕೊಳ್ಳಲಿಲ್ಲ. ಹಿಂದಿನ ಕೋಣೆಯಲ್ಲಿದ್ದ ಹಳೆಯ ಬೀರುವನ್ನು ತೆಗೆಸಿ, ಒಂದೇ ಕಿಟಕಿಗೆ ಎರಡು ಪದರದ ಪರದೆ ಹಾಕಿಸಿ, ತೆರೆಯ ಸುತ್ತ ಕಡುನೀಲಿ ಬಣ್ಣ ಬಳಿಸಿ, ತೆರೆಯನ್ನು 80 ಅಂಗುಲಕ್ಕೆ ಕಿರಿದು ಮಾಡಿದೆವು. ಬಿದ್ದ ಖರ್ಚು ಯಂತ್ರದ ಬೆಲೆಯ ಮುಂದೆ ಅಲ್ಪವೇ. ಒಂದು ಭಾನುವಾರ ರಾತ್ರಿ ಊಟವಾದ ಮೇಲೆ ಅದೇ ಚಿತ್ರವನ್ನು ಮತ್ತೆ ಹಾಕಿದೆವು. ಕೈಯಲ್ಲಿನ ಮೊಬೈಲಿನ ಬೆಳಕೂ ಚಿತ್ರಕ್ಕೆ ಅಡ್ಡಿಯಾಗುವುದೆಂದು ತಿಳಿದು ಹುಡುಗರು ತಾವಾಗಿಯೇ ಅವನ್ನು ಬದಿಗಿಟ್ಟರು. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, “ಈಗ ಮುಖದಲ್ಲಿ ಕಣ್ಣು ಕಾಣಿಸುತ್ತಿದೆ” ಎಂದರು. ಮೊಮ್ಮಗಳು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತ, ಕೊನೆಯ ದೃಶ್ಯದವರೆಗೂ ಎಚ್ಚರವಾಗಿದ್ದರು.

ಮನೆಯಲ್ಲಿ ಬೆಳ್ಳಿತೆರೆಯನ್ನು ಏರಿಸಬಯಸುವ ವಾಚಕರಿಗೆ ನಾವು ಹೇಳತಕ್ಕುದಿಷ್ಟೆ. ಇಂದು ರಾತ್ರಿ ನಿಮ್ಮ ಕೋಣೆಯ ದೀಪವನ್ನು ಆರಿಸಿ ಹತ್ತು ನಿಮಿಷ ಕುಳಿತು, ಬೆಳಕು ಎಲ್ಲೆಲ್ಲಿಂದ ಬರುತ್ತದೆಂದು ನೋಡಿಕೊಳ್ಳಿ. ಅದನ್ನೆಲ್ಲ ಮುಚ್ಚಿದ ಮೇಲೆ ಅಂಗಡಿಗೆ ಹೋಗಿರಿ.