ಸೂರಿದ್ದೂ ಬಯಲಲ್ಲಿ

ಬೇಲೂರು, ಹಳೇಬೀಡುಗಳ ಹೆಸರೆತ್ತಿದೊಡನೆ ಶಿಲಾಬಾಲಿಕೆಯರು ನಮ್ಮ ಕಣ್ಮುಂದೆ ಸುಳಿಯುತ್ತಾರೆ; ‘ಬೀಡು’ ಎಂಬ ಮಾತಿನ ಕಡೆಗೆ ಗಮನ ಹೋಗುವುದು ಅಪರೂಪ. ಬಿಡಾರ, ನೆಲೆ ಎಂದು ಅದರ ಅರ್ಥ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ದಂಡು ಎರಗಿದ ಮೇಲೆ ಹೊಯ್ಸಳರ ದೋರಸಮುದ್ರವು ಹಾಳಾಗಿ ‘ಹಳೆಯ ಬೀಡು’ ಎನಿಸಿತು. ನೆಲೆ ತಪ್ಪುವುದು ಈ ಸೀಮೆಗೆ ಹೊಸತೇನೂ ಅಲ್ಲ.

ಇದೇ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ಕಾಲೊನಿಯೊಂದುಂಟು. ಹಕ್ಕಿ ಹಿಡಿಯುವುದು ಅವರ ಕುಲವೃತ್ತಿ. ವಾಗ್ರಿ ಅವರ ಮನೆಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಅಲೆಯುವವರನ್ನು ಒಂದೆಡೆ ನಿಲ್ಲಿಸಬೇಕೆಂದು ಸರ್ಕಾರವು ಹಲವೆಡೆ ನಿವೇಶನಗಳನ್ನೂ ಮನೆಗಳನ್ನೂ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ಕಸುಬನ್ನು ಬಿಡಿಸಿದ ಕೈ ಹೊಸ ಕಸುಬನ್ನು ಅಷ್ಟೇ ಧಾರಾಳವಾಗಿ ನೀಡಲಿಲ್ಲ. ಆದುದರಿಂದ ಇವರು ಕೃತಕ ಹೂವು, ಗಿಡಮೂಲಿಕೆ, ಕೇಶತೈಲಗಳ ಗಂಟು ಹೊತ್ತು ದೂರದ ನಗರಗಳಿಗೆ ಹೊರಡುತ್ತಾರೆ. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಕೊಂಡ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ಹೀಗೆ, ಊರಿನಲ್ಲಿ ಮನೆಯುಳ್ಳ ಮನುಷ್ಯನು ನಗರದ ಬಯಲಿನಲ್ಲಿ ಟಾರ್ಪಾಲಿನಡಿ ಮಲಗುತ್ತಾನೆ.

ಇಂಥವನನ್ನು ಯಾವ ಲೆಕ್ಕಕ್ಕೆ ಸೇರಿಸೋಣ? 2011ರ ಜನಗಣತಿಯು ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ವಸತಿಹೀನರನ್ನು ಎಣಿಸಿತು. 2013ರ ಕೇಂದ್ರ ಯೋಜನೆಯು ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಆಶ್ರಯತಾಣವೊಂದಿರಬೇಕೆಂದು ಅಳತೆ ಹಾಕಿತು. ಅರಸೀಕೆರೆಯ ಜನಸಂಖ್ಯೆ ಆ ಗಣತಿಯಂತೆ ಸುಮಾರು 53 ಸಾವಿರ. ಆದರೆ ಅದು ಬೆಂಗಳೂರು–ಹುಬ್ಬಳ್ಳಿ ಹಾದಿಗೆ ಮೈಸೂರು–ಹಾಸನಗಳ ರೈಲುಹಾದಿ ಬಂದು ಕೂಡುವ ಜಂಕ್ಷನ್. ಅಲ್ಲಿ ರಾತ್ರಿಯ ಗಾಡಿಗೆ ಕಾದು, ಗಂಟುಮೂಟೆಗಳ ನಡುವೆ ಮಕ್ಕಳನ್ನು ಮಲಗಿಸಿಕೊಂಡ ಸಂಸಾರಗಳನ್ನು ನಾನು ಕಂಡಿದ್ದೇನೆ. ನೆಲೆಸಿದವರನ್ನು ಎಣಿಸಿ ಹಾಕಿದ ಅಳತೆಗೆ ಹಾದುಹೋಗುವವರು ಸಿಕ್ಕುವುದಿಲ್ಲ.

ಪಡಿತರದ ವಿಷಯದಲ್ಲಿ ನಾವು ಈ ಸತ್ಯವನ್ನು ಒಪ್ಪಿದ್ದೇವೆ. 2020ರ ಜನವರಿಯಿಂದ ಕರ್ನಾಟಕದ ಕಾರ್ಡುದಾರರು ಯೋಜನೆಗೆ ಸೇರಿದ ಬೇರೆ ರಾಜ್ಯಗಳಲ್ಲಿಯೂ ತಮ್ಮ ಪಾಲಿನ ಧಾನ್ಯವನ್ನು ಪಡೆಯುವಂತಾಯಿತು. ಅಕ್ಕಿಗೆ ಕಾಲು ಬಂದಿತು. ಸೂರಿಗೆ ಇನ್ನೂ ಬಂದಿಲ್ಲ.

ನನ್ನ ಅಭಿಪ್ರಾಯ ಇಷ್ಟೆ. ಅಂಗಡಿಹಳ್ಳಿಯ ಮನೆ ಬೇಕು, ಅದು ಅವರ ಹಕ್ಕು. ಆದರೆ ಮನೆ ಕೊಟ್ಟಾಯಿತೆಂದು ಕಡತ ಕಟ್ಟಿಡುವ ಮುನ್ನ, ಆ ಮನೆಯವರು ಉಣ್ಣುವುದೆಲ್ಲಿ ಎಂದು ಕೇಳಬೇಕು. ಉಣ್ಣುವ ನಗರದಲ್ಲಿ ಗುಡಾರ ಹಾಕಲೊಂದು ಬಯಲು, ಕುಡಿಯುವ ನೀರು, ಶೌಚಕ್ಕೊಂದು ಮರೆ, ಗದರಿಸಿ ಎಬ್ಬಿಸದ ರಾತ್ರಿ, ಇಷ್ಟು ಸಿಕ್ಕರೆ ಊರಿನ ಆ ಮನೆಗೂ ಅರ್ಥ ಬರುತ್ತದೆ.