ಸಣ್ಣ ಕೆಲಸಕ್ಕೂ ಬೇರೆ ಜಾಡಿ ಬೇಕೆ?

ರಜೆಗೆ ಬಂದ ಮೊಮ್ಮಗ ಅಜ್ಜಿಯ ಆಲ್ಬಮ್‌ನ ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿದ. ಒಂದೊಂದೂ ದೊಡ್ಡ ಫೈಲು. ದೂರದೂರಿನ ಚಿಕ್ಕಪ್ಪನಿಗೆ ಕಳಿಸಲು ಎಲ್ಲವನ್ನೂ ಚಿಕ್ಕದಾಗಿಸಬೇಕು. ಪೈಥಾನ್‌ನಲ್ಲಿ ಹತ್ತು ಸಾಲು ಬರೆದರೆ ಸಾಕು. ಆದರೆ ಅದಕ್ಕೆ ‘ಪಿಲ್ಲೋ’ ಎಂಬ ಲೈಬ್ರರಿ ಬೇಕು. ಅದನ್ನು ಹಾಕಿಕೊಳ್ಳಲು ಹೋದರೆ, ‘ಮೊದಲು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೋ’ ಎಂದು ಕಂಪ್ಯೂಟರ್ ತಡೆಯಿತು.

“ಇಷ್ಟು ಸಣ್ಣ ಕೆಲಸಕ್ಕೆ ಅದನ್ನೂ ಕಲೀಬೇಕಾ ಅಜ್ಜಿ?”

“ಅದೇನೋ ನಂಗೊತ್ತಿಲ್ಲ ಕಣೋ. ಹಾಗಂದ್ರೇನು, ಹೇಳು.”

“ಈ ಕೆಲಸಕ್ಕೆ ಬೇಕಾದ ಲೈಬ್ರರಿಗಳನ್ನ ಬೇರೆ ಫೋಲ್ಡರ್‌ನಲ್ಲಿ ಇಡೋದು.”

“ಓ, ಉಪ್ಪಿನಕಾಯಿ ಜಾಡಿ! ಮಾವಿನಕಾಯಿಗೊಂದು, ನಿಂಬೆಕಾಯಿಗೊಂದು. ಒಂದು ಬೂಸ್ಟು ಹಿಡಿದ್ರೂ ಇನ್ನೊಂದು ಉಳಿಯುತ್ತೆ.”

ಅಜ್ಜಿ ಹೇಳಿದ್ದು ಸರಿ. ಒಂದು ಪ್ರೋಗ್ರಾಮಿಗೆ ಲೈಬ್ರರಿಯ ಹಳೆಯ ಆವೃತ್ತಿ ಬೇಕು, ಇನ್ನೊಂದಕ್ಕೆ ಹೊಸದು. ಎರಡನ್ನೂ ಒಂದೇ ಕಡೆ ಹಾಕಿದರೆ ಒಂದು ಕೆಡುತ್ತದೆ. ಲಿನಕ್ಸ್‌ನ ಎಷ್ಟೋ ಸಲಕರಣೆಗಳೇ ಪೈಥಾನ್ ನಂಬಿಕೊಂಡಿವೆ. ಅಲ್ಲಿ ಕೈಯಾಡಿಸಿದರೆ ಅವೂ ಕೆಟ್ಟಾವು. 2023ರಲ್ಲಿ ಬಂದ ಡೆಬಿಯನ್ 12 ಮೊದಲೇ ತಡೆಯುವುದು ಇದಕ್ಕೇ.

ಹಾಗಾದರೆ ಎಲ್ಲದಕ್ಕೂ ಜಾಡಿ ಬೇಕೆ? ಇಲ್ಲ ಮಕ್ಕಳೇ. ಫೈಲುಗಳ ಹೆಸರು ಬದಲಿಸುವುದು, ದಿನಗಳ ಲೆಕ್ಕ, ಮಗ್ಗಿ ಬರೆಸುವುದು ಇವಕ್ಕೆಲ್ಲ ಪೈಥಾನ್ ಜೊತೆಗೇ ಬರುವ ಲೈಬ್ರರಿಗಳು ಸಾಕು. ಹೊರಗಿನಿಂದ ಒಂದಾದರೂ ತರಬೇಕಾದಾಗ ಮಾತ್ರ ಜಾಡಿಯ ಮಾತು.

ಕಲಿಯಬೇಕಾದದ್ದೂ ಮೂರೇ ಹೆಜ್ಜೆ. 2012ರಲ್ಲಿ ಬಂದ ಪೈಥಾನ್ 3.3ರಿಂದ ಜೊತೆಗೇ ಇರುವ ‘ವೆನ್ವ್’ ಬಳಸಿ ಫೋಲ್ಡರ್ ಮಾಡುವುದು. ಅದನ್ನು ‘ಆಕ್ಟಿವೇಟ್’ ಮಾಡುವುದು. ‘ಪಿಪ್’ನಿಂದ ಲೈಬ್ರರಿ ತರಿಸುವುದು. ಎರಡನೆಯದನ್ನು ಮರೆತರೆ, ತಂದಿಟ್ಟ ಪಿಲ್ಲೋ ಕೂಡ ‘ಇಲ್ಲ’ ಎನ್ನುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಕೆಲಸ ಮುಗಿದರೆ ಆ ಫೋಲ್ಡರ್ ಅಳಿಸಿದರಾಯಿತು. ನಿಮ್ಮ ಪ್ರೋಗ್ರಾಮು, ಫೋಟೋಗಳು ಮಾತ್ರ ಅದರ ಹೊರಗಿರಲಿ!

ಇದರಾಚೆಗಿನದನ್ನು ಈಗಲೇ ಕಲಿಯಬೇಕಿಲ್ಲ. ಒಂದೇ ಒಂದು ಫೋಟೋ ಆಗಿದ್ದರೆ ಪೈಥಾನೂ ಬೇಡ, ಫೋನೇ ಸಾಕು. ಆಲ್ಬಮ್ ತುಂಬ ಇದ್ದರೆ ಅರ್ಧ ಗಂಟೆ ಕೊಟ್ಟು ಕಲಿಯಿರಿ. ಮುಂದಿನ ಸಲವೂ ಅದೇ ಮೂರು ಹೆಜ್ಜೆ.

ಸಂಜೆಯ ಹೊತ್ತಿಗೆ ಫೋಟೋಗಳು ಚಿಕ್ಕಪ್ಪನನ್ನು ತಲುಪಿದವು. “ಜಾಡಿ ತೊಳೆದಿಟ್ಯಾ?” ಎಂದರು ಅಜ್ಜಿ.