‘ಬಕೆಟ್ ಒದೆಯುವುದು’: ಒಂದು ಇಂಗ್ಲಿಷ್ ನುಡಿಗಟ್ಟಿನ ಅರ್ಥ ಮತ್ತು ಬಳಕೆ

ಇಂಗ್ಲಿಷ್ ಜನಬಳಕೆಯಲ್ಲಿ ಸಾವನ್ನು ಸೂಚಿಸುವ ನುಡಿಗಟ್ಟುಗಳ ಪೈಕಿ ‘ಕಿಕ್ ದ ಬಕೆಟ್’ ಬಹು ಪ್ರಸಿದ್ಧವಾದುದು. ಪದಶಃ ‘ಬಕೆಟನ್ನು ಒದೆ’ ಎಂದಾಗುವ ಇದರ ಅರ್ಥ ‘ಸಾಯು’. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಾಮ್ಯಪದಗಳ ನಿಘಂಟಿನಲ್ಲಿ ಇದು ಇದೇ ಅರ್ಥದಲ್ಲಿ ದಾಖಲಾಗಿದೆ. ಅರ್ಥ ಖಚಿತ, ವಿವಾದವಿರುವುದು ಮೂಲದ ಬಗೆಗೆ.

ಉರುಲಿಗೆ ಕೊರಳೊಡ್ಡಿದವನು ಕಾಲಡಿಯ ಬಕೆಟನ್ನು ಒದ್ದು ಸಾಯುವುದರಿಂದ ಈ ಮಾತು ಹುಟ್ಟಿತೆಂಬುದು ಜನಪ್ರಿಯ ವಿವರಣೆ. ಆದರೆ ಗ್ರೋಸ್‌ನ ನಿಘಂಟಿನಲ್ಲಾಗಲಿ ನಂತರದ ಬಳಕೆಯಲ್ಲಾಗಲಿ ಆತ್ಮಹತ್ಯೆಯ ಛಾಯೆ ಕಾಣುವುದಿಲ್ಲ. ಹಾಸಿಗೆ ಹಿಡಿದು ಸತ್ತವನಿಗೂ ಇದು ಸಲ್ಲುತ್ತದೆ. ಮಾತು ಮೊದಲು ಹುಟ್ಟಿ, ಅದಕ್ಕೊಪ್ಪುವ ಕಥೆಯನ್ನು ಜನ ಅನಂತರ ಕಟ್ಟುವ ಲೋಕನಿರುಕ್ತಿಗೆ ಇದು ಒಳ್ಳೆಯ ಉದಾಹರಣೆಯೆನ್ನಬಹುದು.

ಇದಕ್ಕಿಂತ ಗಟ್ಟಿಯಾದ ಆಧಾರ ಆಡುನುಡಿಯಲ್ಲಿ ದೊರೆಯುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ಕಡಿದ ಹಂದಿಯನ್ನು ಹಿಂಗಾಲು ಕಟ್ಟಿ ತೂಗುಹಾಕುತ್ತಿದ್ದ ಮರದ ತೊಲೆಗೆ ‘ಬಕೆಟ್’ ಎಂದೇ ಹೆಸರು. ನೀರಿನ ಪಾತ್ರೆಯ ಹೆಸರಿಗೂ ಇದಕ್ಕೂ ಉಚ್ಚಾರ ಒಂದೇ, ವಸ್ತು ಬೇರೆ. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಎರಡನೆಯ ಭಾಗದಲ್ಲಿಯೂ ಈ ಪದ ಹೊರೆ ತೂಗುಹಾಕುವ ಮರ ಎಂಬ ಅರ್ಥದಲ್ಲಿ ಬಂದಿದೆ. ಪ್ರಾಣ ಹೋಗುವಾಗಿನ ಸೆಳೆತದಲ್ಲಿ ಹಂದಿಯ ಕಾಲು ತೊಲೆಗೆ ಬಡಿಯುತ್ತದೆ. ಕಡಿದ ಮೇಲೆ ತೂಗುಹಾಕುವ ಪ್ರಾಣಿ ಒದೆಯುವುದೆಂತು ಎಂಬ ಆಕ್ಷೇಪ ಉಳಿದೇ ಇದೆಯಾದರೂ ಹಳ್ಳಿಯ ಕಸುಬಿನಿಂದ ಹುಟ್ಟಿದ ಮಾತೆಂಬ ಊಹೆಯೇ ಹೆಚ್ಚು ಸಂಭಾವ್ಯ.

ಬಳಕೆಯಲ್ಲಿ ಇದರ ರೂಪ ಜಡವಾದುದು. ‘ಬಕೆಟ್ ಒದೆಯಲ್ಪಟ್ಟಿತು’ ಎಂದು ಕರ್ಮಣಿಗೆ ತಿರುಗಿಸಿದೊಡನೆ ಸಾವು ಮಾಯವಾಗಿ ಬರಿಯ ಬಕೆಟ್ ಉಳಿಯುತ್ತದೆ. ಭಾಷಾವಿಜ್ಞಾನಿಗಳು ನುಡಿಗಟ್ಟುಗಳ ಚರ್ಚೆಯಲ್ಲಿ ಇದನ್ನು ಮತ್ತೆ ಮತ್ತೆ ಉದಾಹರಿಸುವುದು ಈ ಕಾರಣದಿಂದ. ಧ್ವನಿಯಲ್ಲಿ ಇದು ಲಘು, ಸಂತಾಪಪತ್ರಕ್ಕೆ ಸಲ್ಲದು. 2007ರ ಹಾಲಿವುಡ್ ಚಿತ್ರ ‘ದ ಬಕೆಟ್ ಲಿಸ್ಟ್’ ಬಂದ ಮೇಲೆ ಸಾಯುವ ಮುನ್ನ ಮಾಡಬೇಕಾದ ಕೆಲಸಗಳ ಪಟ್ಟಿಗೆ ಆ ಹೆಸರು ವ್ಯಾಪಕವಾಯಿತು.

ಅನುವಾದಕರಿಗೆ ತೊಡಕಾಗುವುದು ಈ ಧ್ವನಿಯೇ. ‘ಶಿವನ ಪಾದ ಸೇರಿದರು’, ‘ಲಿಂಗೈಕ್ಯರಾದರು’ ಎಂಬಲ್ಲಿ ಗೌರವವಿದೆ, ನಂಬಿಕೆಯಿದೆ. ಇಂಗ್ಲಿಷಿನ ಮಾತಿನಲ್ಲಿ ಇವೆರಡೂ ಇಲ್ಲ. ‘ಗೊಟಕ್ಕೆಂದ’, ‘ನೆಗೆದುಬಿದ್ದ’ ಎಂಬವು ಹತ್ತಿರದವು. ಆದರೆ ಇವು ಏಕವಚನದಲ್ಲಿಯೇ ಸಹಜ. ಸತ್ತವರನ್ನು ಬಹುವಚನದಲ್ಲಿ ಕರೆಯಬೇಕಾದ ಕಡೆ ಕೂಡಿ ಬರುವುದಿಲ್ಲ. ಪದಶಃ ಅನುವಾದವಂತೂ ಇನ್ನೊಂದು ಗೊಂದಲಕ್ಕೆ ಎಡೆಮಾಡುತ್ತದೆ: ಇಂದಿನ ಕನ್ನಡದ ಆಡುಮಾತಿನಲ್ಲಿ ‘ಬಕೆಟ್ ಹಿಡಿಯುವುದು’ ಎಂದರೆ ಮೇಲಿನವರ ಓಲೈಕೆ ಮಾಡುವುದು.